ಊರ ಕೆರೆಯ ಏರಿ

ಮನೆಯ ಸೂರು, ಸೇದುವ ಬಾವಿ, ಧಾನ್ಯದ ಕಣಜ, ಮಕ್ಕಳ ಕಾಯಿಲೆ ಕಸಾಲೆ ಇವುಗಳನ್ನು ಕುರಿತು ಈ ಪುಟದಲ್ಲಿ ತಿಂಗಳಿಗೊಮ್ಮೆ ಬರೆಯುತ್ತ ಬಂದಿದ್ದೇವೆ. ಈ ಸಲ ಹೊಸ್ತಿಲನ್ನು ದಾಟಿ, ಊರ ಮುಂದಿನ ಕೆರೆಯ ಏರಿಯವರೆಗೆ ವಾಚಕರನ್ನು ಕರೆದುಕೊಂಡು ಹೋಗಬೇಕಾಗಿದೆ. ಗೃಹಕೃತ್ಯಕ್ಕೂ ಕೆರೆಯ ಏರಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಏರಿಯ ಕೆಳಗೆ ಮನೆ ಕಟ್ಟಿಕೊಂಡವರು ಮಾತ್ರ ಕೇಳಲಾರರು.

ತುಮಕೂರು ಸೀಮೆಯಿಂದ ಗೃಹಸ್ಥರೊಬ್ಬರು ಬರೆದಿರುವ ಕಾಗದವೇ ಇದಕ್ಕೆ ಪ್ರೇರಣೆ. ಅವರ ಮನೆಯೂ ಎರಡೆಕರೆ ಗದ್ದೆಯೂ ಏರಿಯ ಕೆಳಮಗ್ಗುಲಲ್ಲಿವೆ. ತಂದೆಯ ಕಾಲದಿಂದ ಯಾವ ಅಂಜಿಕೆಯೂ ಇರಲಿಲ್ಲವಂತೆ. ಈಗ್ಗೆ ಎರಡು ವರ್ಷಗಳಿಂದ ಏರಿಯ ಹೊರಬುಡದಲ್ಲಿ ಒಂದು ಚಾಪೆಯಗಲದ ನೆಲ ಮಾಘ ಫಾಲ್ಗುಣಗಳಲ್ಲಿಯೂ ಒಣಗದೆ, ಸುತ್ತಲಿನ ಹುಲ್ಲೆಲ್ಲ ಬೆಂದುಹೋದರೂ ಅಲ್ಲಿಯದು ಮಾತ್ರ ಹಸುರಾಗಿಯೇ ನಿಂತಿರುತ್ತದೆ. ಹಿರಿಯರು, “ಕೆರೆಯೆಂದ ಮೇಲೆ ಜಿನುಗದೆ ಇರುತ್ತದೆಯೆ?” ಎನ್ನುತ್ತಾರೆ. ಇದರ ಮೇಲೆ, ಬರದಲ್ಲಿ ಬಳಲಿದ ಊರವರು ಈ ಬೇಸಗೆಯಲ್ಲಿ ಕೋಡಿಯ ಮೇಲೆ ಒಂದೂವರೆ ಅಡಿ ಗೋಡೆಯನ್ನೆತ್ತಿ ಹೆಚ್ಚು ನೀರು ನಿಲ್ಲಿಸಿಕೊಳ್ಳಬೇಕೆಂದು ನಿಶ್ಚಯಿಸಿದ್ದಾರೆ. ಇವರೊಬ್ಬರು ಬೇಡವೆಂದುದಕ್ಕೆ, “ನಿನ್ನ ಬಾವಿಯಲ್ಲಿ ನೀರಿದೆ, ನಮ್ಮ ಗದ್ದೆ ಒಣಗಿದರೆ ನಿನಗೇನು?” ಎಂಬ ಮಾತು ಅಣ್ಣತಮ್ಮಂದಿರ ಬಾಯಿಂದಲೇ ಬಂದಿದೆ. ತಾವು ಹೇಳುವುದು ಸರಿಯೋ, ಅವರು ಹೇಳುವುದು ಸರಿಯೋ, ಸರಿಯಾದರೆ ಅದನ್ನು ಅವರ ಮನಸ್ಸಿಗೆ ಹಿಡಿಯುವಂತೆ ಹೇಳುವುದು ಹೇಗೆ ಎಂದು ಅವರು ಕೇಳಿದ್ದಾರೆ.

ಮೊದಲು ಏರಿಯ ಬೆನ್ನ ಹಿಂದೆ ನಿಂತಿರುವುದು ಎಷ್ಟೆಂಬುದನ್ನು ಲೆಕ್ಕಹಾಕೋಣ. ಹತ್ತೆಕರೆ ಹರವಿನ, ಸರಾಸರಿ ಐದಡಿ ಆಳದ ಕೆರೆಯನ್ನು ಯಾರೂ ದೊಡ್ಡ ಕೆರೆಯೆನ್ನುವುದಿಲ್ಲ; ಕಟ್ಟೆಯೆಂದೇ ಕರೆಯುವವರೂ ಉಂಟು. ಅದರಲ್ಲಿ ಹಿಡಿದಿರುವ ನೀರು ಸುಮಾರು 21 ಲಕ್ಷ 78 ಸಾವಿರ ಘನ ಅಡಿ. ತೂಕಕ್ಕೆ ಇಟ್ಟರೆ 61 ಸಾವಿರ ಟನ್ನಿಗಿಂತ ಹೆಚ್ಚು. ಹತ್ತು ಟನ್ ಹೊರುವ ಲಾರಿಗಳಲ್ಲಿ ತುಂಬಿದರೆ ಆರು ಸಾವಿರ ಲಾರಿ. ಏರಿಯ ಬಳಿ ನೀರಿನ ಆಳ ಹದಿನೈದು ಅಡಿಯಿದ್ದರೆ, ಬುಡದಲ್ಲಿ ಒಂದೊಂದು ಚದರ ಮೀಟರಿನ ಮೇಲೂ ನಾಲ್ಕೂವರೆ ಟನ್ನಿನಷ್ಟು ಒತ್ತಡ ಹಗಲೂ ಇರುಳೂ ಬಿದ್ದಿರುತ್ತದೆ. ಇಷ್ಟನ್ನು ತಡೆದು ನಿಲ್ಲಿಸಿರುವುದು ಕಲ್ಲಲ್ಲ, ಉಕ್ಕಲ್ಲ. ನಮ್ಮ ಹಿರಿಯರು ಬುಟ್ಟಿಯಲ್ಲಿ ಹೊತ್ತು ಹಾಕಿದ ಮಣ್ಣು.

ಆ ಹಿರಿಯರ ಜಾಣ್ಮೆ ಸಾಮಾನ್ಯವಾದುದಲ್ಲ. 1866ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿಯವರು, ಈ ವಿಶಾಲ ಪ್ರದೇಶದಲ್ಲಿ ಹೊಸದೊಂದು ಕೆರೆಗೆ ತಕ್ಕ ಸ್ಥಳವನ್ನು ಹುಡುಕುವುದೇ ಕಷ್ಟವೆಂಬರ್ಥದ ಮಾತನ್ನು ಬರೆದಿಟ್ಟಿದ್ದಾರೆ. ಒಂದು ಕೆರೆಯ ಕೋಡಿ ಹರಿದು ಇನ್ನೊಂದಕ್ಕೆ, ಅದರ ಕೋಡಿ ಮತ್ತೊಂದಕ್ಕೆ, ಹೀಗೆ ಸರಪಣಿಯಾಗಿ ಹಳ್ಳದ ಹಾದಿಯುದ್ದಕ್ಕೂ ಕೆರೆಗಳನ್ನು ಪೋಣಿಸಿದ್ದರು. ಇಂದಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗನಾದ ಭಾಸ್ಕರನು ಕಟ್ಟಿಸಿದ ಕೆರೆಯ ಬಳಿ 1369ನೆಯ ಇಸವಿಯ ಸಂಸ್ಕೃತ ಶಾಸನವೊಂದಿದೆ. ಸಾವಿರ ಜನ ಕೂಲಿಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದುದನ್ನು ಹೇಳುವುದರ ಜೊತೆಗೆ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಅದು ಎಣಿಸಿಕೊಡುತ್ತದೆ. ಕಟ್ಟೆಯಿಂದ ನೀರು ಜಿನುಗುವುದು ಆ ಆರು ದೋಷಗಳಲ್ಲಿ ಒಂದು. “ಕೆರೆಯೆಂದ ಮೇಲೆ ಜಿನುಗದೆ ಇರುತ್ತದೆಯೆ” ಎನ್ನುವ ಹಿರಿಯರಿಗೆ ಇವರಿಗಿಂತ ಹಿರಿಯರ ಈ ಮಾತನ್ನು ತೋರಿಸಬಹುದು. ಆದರೆ ಏರಿ ಒಡೆಯುವುದು ಹೊಸದಾಗಿ ಬಂದ ಅನಿಷ್ಟವೇನೂ ಅಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸನು, ಕೃಷ್ಣದೇವರಾಯನು ಕಟ್ಟಿಸುತ್ತಿದ್ದ ಮಹಾ ಕೆರೆಯೊಂದು ಎರಡು ಮೂರು ಸಲ ಒಡೆದುಹೋಯಿತೆಂದೂ, ಅದರ ಶಾಂತಿಗಾಗಿ ಮನುಷ್ಯರನ್ನೂ ಕುದುರೆ ಕೋಣಗಳನ್ನೂ ಬಲಿಕೊಟ್ಟರೆಂದೂ ಬರೆದಿದ್ದಾನೆ. ಅಷ್ಟು ದೊಡ್ಡ ದೊರೆಯ ಮಣ್ಣೂ ನೀರಿನ ನಿಯಮಕ್ಕೆ ಹೊರತಾಗಲಿಲ್ಲ.

ಮಣ್ಣಿನ ಏರಿ ಒಡೆಯುವ ಬಗೆಗಳು ಮುಖ್ಯವಾಗಿ ಮೂರು. ನೀರು ಏರಿಯ ತಲೆಯ ಮೇಲೆ ಹತ್ತಿ ಹರಿಯುವುದು ಮೊದಲನೆಯದು. ಏರಿಯ ಒಡಲೊಳಗೆ ದಾರಿ ಮಾಡಿಕೊಂಡು ಮಣ್ಣನ್ನು ಕೊರೆದೊಯ್ಯುವುದು ಎರಡನೆಯದು. ಏರಿಯ ಮಗ್ಗುಲೇ ಕುಸಿದು ಜಾರುವುದು ಮೂರನೆಯದು. ಲೋಕದಲ್ಲಿ ಒಡೆದ ಮಣ್ಣಿನ ಕಟ್ಟೆಗಳಲ್ಲಿ ಬಹುಭಾಗ ಮೊದಲೆರಡು ಕಾರಣಗಳಿಂದ ಒಡೆದವು. ನಮ್ಮ ಪತ್ರಲೇಖಕರ ಊರಿನಲ್ಲಿ ಎರಡನೆಯದರ ಸೂಚನೆ ಆಗಲೇ ಕಾಣಿಸಿಕೊಂಡಿದೆ. ಮೊದಲನೆಯದಕ್ಕೆ ಊರವರು ಸಿಮೆಂಟು ತರಿಸುತ್ತಿದ್ದಾರೆ.

ಕೋಡಿಯ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಕೋಡಿಯೆಂದರೆ ಕೆರೆಯಲ್ಲಿ ನೀರು ನಷ್ಟವಾಗುವ ಜಾಗವೆಂದು ಅನೇಕರು ತಿಳಿದಿದ್ದಾರೆ. ಅದು ಕೆರೆಯ ಪ್ರಾಣವನ್ನು ಉಳಿಸುವ ಬಾಗಿಲು. ಕಲ್ಲುಕಟ್ಟಡದ ಅಣೆಯ ಮೇಲೆ ನೀರು ಹರಿದರೆ ಅಣೆ ತಾಳಿಕೊಂಡೀತು. ಮಣ್ಣಿನ ಏರಿಯ ಮೇಲೆ ಗೇಣುದ್ದ ನೀರು ಹರಿದರೂ ಹೊರಮೈ ಕೊರೆದು, ಕೊರಕಲು ಹಿಂದಕ್ಕೆ ತಿಂದುಕೊಂಡು ಬಂದು, ಕೆಲವೇ ಗಂಟೆಗಳಲ್ಲಿ ಬಾಯಿ ಬಿಡುತ್ತದೆ. ಆದುದರಿಂದಲೇ ಕೋಡಿಯ ಮಟ್ಟಕ್ಕಿಂತ ಏರಿಯ ತಲೆಯನ್ನು ಸಣ್ಣ ಕೆರೆಗಳಲ್ಲಿಯೂ ಮೂರು ನಾಲ್ಕು ಅಡಿ ಎತ್ತರವಾಗಿ ಕಟ್ಟಿರುತ್ತಾರೆ. ಆ ಖಾಲಿ ಜಾಗ ವ್ಯರ್ಥವಾದುದಲ್ಲ. ಮಹಾಮಳೆಯ ದಿನ ಕೋಡಿಯ ಮೇಲೆ ಹರಿಯುವ ನೀರಿನ ದಪ್ಪಕ್ಕೂ, ಗಾಳಿಗೆ ಏಳುವ ಅಲೆಗೂ ಮೀಸಲಾದುದು.

ಇಲ್ಲಿ ಒಂದು ಲೆಕ್ಕವಿದೆ. ಊರವರ ಮುಂದೆ ಇಡತಕ್ಕದ್ದು ಇದನ್ನೇ. ಏರಿಯ ತಲೆ ಕೋಡಿಗಿಂತ ನಾಲ್ಕಡಿ ಮೇಲಿದೆಯೆಂದಿಟ್ಟುಕೊಳ್ಳಿ. ಅಲೆಗೆಂದು ಒಂದಡಿ ಬಿಟ್ಟರೆ, ಕೋಡಿಯ ಮೇಲೆ ಮೂರಡಿ ದಪ್ಪದ ನೀರು ನಿರಾತಂಕವಾಗಿ ಹರಿಯಬಹುದು. ಕೋಡಿಯನ್ನು ಒಂದೂವರೆ ಅಡಿ ಎತ್ತರಿಸಿದಿರೋ, ಉಳಿಯುವುದು ಒಂದೂವರೆ ಅಡಿ. ದಪ್ಪ ಅರ್ಧವಾಯಿತು, ಹಾಗಾದರೆ ಹೊರಹೋಗುವ ನೀರೂ ಅರ್ಧವಾದೀತೆಂದು ನಾವು ನೀವು ಎಣಿಸುತ್ತೇವೆ. ಹಾಗಲ್ಲ. ದಪ್ಪ ಕಡಿಮೆಯಾದಂತೆ ನೀರಿನ ವೇಗವೂ ಕಡಿಮೆಯಾಗುವುದರಿಂದ, ಹರಿವು ಮೂರರಲ್ಲಿ ಒಂದು ಪಾಲಿಗೆ ಸಮೀಪವಾಗಿ ಇಳಿದುಹೋಗುತ್ತದೆ. ಮೂರು ಬಾಗಿಲುಗಳ ಛತ್ರದಲ್ಲಿ ಎರಡನ್ನು ಮುಚ್ಚಿ ಜಾತ್ರೆಯ ದಿನ ಜನರನ್ನು ಒಳಗೆ ಬಿಟ್ಟಂತಾಯಿತು. ಗೋಡೆಯನ್ನೆತ್ತಿದ ವರ್ಷವೇ ಅನರ್ಥವಾಗದಿರಬಹುದು. ಐದಾರು ವರ್ಷ ಏನೂ ಆಗದೆ ಇರುವುದೂ ಉಂಟು. ಅಷ್ಟರಲ್ಲಿ ಬೇಡವೆಂದವನು ಹೇಡಿಯೆಂಬುದು ಊರಿನಲ್ಲಿ ಸ್ಥಿರವಾಗಿಬಿಡುತ್ತದೆ.

ಹೆಚ್ಚು ನೀರು ಬೇಕೆಂಬ ಊರವರ ಆಸೆಯೇನು ತಪ್ಪಲ್ಲ. ಅದಕ್ಕೆ ಕೆರೆಯನ್ನು ಮೇಲಕ್ಕೆ ಎತ್ತುವ ಬದಲು ಕೆಳಕ್ಕೆ ಇಳಿಸತಕ್ಕದ್ದು. ಅಂಗಳದಲ್ಲಿ ತುಂಬಿರುವ ಹೂಳನ್ನು ಒಂದೂವರೆ ಅಡಿ ತೆಗೆದರೆ ಸಿಗುವ ನೀರೂ ಅಷ್ಟೇ. ಹೊಲಕ್ಕೆ ಗೋಡುಮಣ್ಣು ದೊರೆತದ್ದು ಲಾಭದ ಮೇಲಿನ ಲಾಭ. ಹಿಂದೆ ಕೆರೆಬಂಡಿಗಳ ಖರ್ಚಿಗೆಂದು ಭೂಮಿ ಬಿಟ್ಟ ಶಾಸನಗಳು ನಮ್ಮ ನಾಡಿನಲ್ಲಿ ಎಷ್ಟೋ ಇವೆ. ಕೋಡಿಯನ್ನೆತ್ತಿದರೆ ಮುಳುಗಡೆಯಾಗುವುದು ಹಿನ್ನೀರಿನವರ ಹೊಲ, ಅವರು ಸುಮ್ಮನಿರುವುದಿಲ್ಲ. ಒಂದು ರಾತ್ರಿ ಗುದ್ದಲಿ ಹಿಡಿದು ಬಂದು ಎಲ್ಲಿ ಕಡಿಯಬಾರದೋ ಅಲ್ಲಿ ಕಡಿಯುತ್ತಾರೆ.

ಗೋಡೆಯೊಂದೇ ಅಲ್ಲ, ಕೋಡಿಗೆ ಅಡ್ಡಲಾಗಿ ಕಟ್ಟುವ ಮೀನಿನ ಬಲೆಯೂ ಅಷ್ಟೇ ಕೆಟ್ಟದ್ದು. ಗುತ್ತಿಗೆದಾರನು ಮೀನು ತಪ್ಪಿಸಿಕೊಂಡು ಹೋದಾವೆಂದು ಬಲೆ ಬಿಗಿಯುತ್ತಾನೆ; ಮೊದಲ ಪ್ರವಾಹಕ್ಕೆ ಜೊಂಡು, ಅಂತರಗಂಗೆ, ಪ್ಲಾಸ್ಟಿಕ್ ಚೀಲ ಎಲ್ಲವೂ ಬಂದು ಸಿಕ್ಕಿಕೊಂಡು ಬಲೆಯು ಗೋಡೆಯಾಗಿಬಿಡುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದಲ್ಲಿ ಜಾನ್ಸ್‌ಟೌನ್ ಎಂಬ ಪಟ್ಟಣದ ಮೇಲುಗಡೆ ಸೌತ್ ಫೋರ್ಕ್ ಎಂಬ ಮಣ್ಣಿನ ಕಟ್ಟೆಯೊಂದಿತ್ತು. ಶ್ರೀಮಂತರ ವಿಹಾರ ಸಂಘವೊಂದು ಅದನ್ನು ಕೊಂಡಿತು. ಮೀನು ಹೊರಹೋಗದಂತೆ ಕೋಡಿಗೆ ಜಾಲರಿ ಹಾಕಿಸಿದರು. ಸಾರೋಟು ಸಲೀಸಾಗಿ ಓಡಾಡಲೆಂದು ಏರಿಯ ತಲೆಯನ್ನು ತಗ್ಗಿಸಿದರು. ನೀರಿಳಿಸುವ ಕಬ್ಬಿಣದ ಕೊಳವೆಗಳನ್ನು ಅದಕ್ಕೂ ಮೊದಲೇ ಯಾರೋ ಕಿತ್ತು ಗುಜರಿಗೆ ಮಾರಿದ್ದರು, ಅವನ್ನು ಮತ್ತೆ ಹಾಕಿಸಲಿಲ್ಲ. 1889ರ ಮೇ 31ರಂದು ದೊಡ್ಡ ಮಳೆ ಬಂದು ಕಟ್ಟೆಯ ಮೇಲೆ ನೀರು ಹರಿಯಿತು. ಸತ್ತವರು 2,209 ಜನ. ಬಲೆ, ತಗ್ಗಿದ ತಲೆ, ಕೆಲಸಕ್ಕೆ ಬಾರದ ತೂಬು: ಈ ಮೂರೂ ನಮ್ಮ ಎಷ್ಟು ಊರುಗಳಲ್ಲಿ ಒಟ್ಟಿಗೆ ಇಲ್ಲ?

ಇನ್ನು ಜಿನುಗಿನ ವಿಚಾರ. ಪತ್ರಲೇಖಕರೂ ಅವರ ಊರ ಹಿರಿಯರೂ ಇಬ್ಬರೂ ಅರ್ಧ ಸರಿ. ಯಾವ ಮಣ್ಣಿನ ಏರಿಯೂ ಸಂಪೂರ್ಣವಾಗಿ ನೀರನ್ನು ತಡೆಯಲಾರದು. ಒಳಗಣ ನೀರು ಮಣ್ಣಿನ ಕಣಗಳ ನಡುವೆ ಮೆಲ್ಲನೆ ನುಸುಳಿ ಹೊರಬುಡದಲ್ಲಿ ತೇವವಾಗಿ ಕಾಣಿಸಿಕೊಳ್ಳುತ್ತದೆ. ಹಾಗೆ ಬರುವ ನೀರು ತಿಳಿಯಾಗಿ, ಪ್ರಮಾಣದಲ್ಲಿ ಹೆಚ್ಚದೆ ಇರುವವರೆಗೆ ಕಣ್ಣಿಟ್ಟಿದ್ದರೆ ಸಾಕು. ಅದು ಕದಡಿಕೊಂಡು ಬರತೊಡಗಿತೆಂದರೆ ನೀರಿನ ಜೊತೆಗೆ ಏರಿಯ ಮಣ್ಣೂ ಬರುತ್ತಿದೆಯೆಂದು ಅರ್ಥ. ಕಣ ಕಣವಾಗಿ ಮಣ್ಣು ಹೋದ ಜಾಗದಲ್ಲಿ ಸೂಜಿಯಷ್ಟು ದಾರಿ, ಬೆರಳಿನಷ್ಟು ದಾರಿ, ಆಮೇಲೆ ತೋಳಿನಷ್ಟು ದಾರಿ ಆಗುತ್ತದೆ. ದಾರಿ ದೊಡ್ಡದಾದಷ್ಟೂ ನೀರಿನ ಸೆಳೆತ ಹೆಚ್ಚು. ಸೆಳೆತ ಹೆಚ್ಚಿದಷ್ಟೂ ದಾರಿ ದೊಡ್ಡದು.

ಇದನ್ನು ಗೃಹಸ್ಥನು ತಾನೇ ಪರೀಕ್ಷಿಸಬಹುದು. ತೇವದ ಜಾಗದ ಕೆಳಗೆ ಒಂದು ಚಿಕ್ಕ ಕಾಲುವೆ ತೋಡಿ, ಏರಿಯ ಬುಡವನ್ನು ಮಾತ್ರ ಅಗೆಯದೆ, ಅದರ ಕೊನೆಯಲ್ಲಿ ಬಿದಿರಿನ ದೋಣಿಯೊಂದನ್ನಿಟ್ಟು ನೀರು ಅದರೊಳಗಿಂದ ಬೀಳುವಂತೆ ಮಾಡತಕ್ಕದ್ದು. ಒಂದು ಕೊಡ ತುಂಬಲು ಎಷ್ಟು ನಿಮಿಷ ಹಿಡಿಯಿತೆಂಬುದನ್ನು ಗಡಿಯಾರ ನೋಡಿ ಬರೆದಿಡುವುದು. ಪಕ್ಕದಲ್ಲಿ ಅಂದು ಕೆರೆಯಲ್ಲಿ ನೀರು ಎಲ್ಲಿಯವರೆಗೆ ಇತ್ತೆಂಬುದನ್ನೂ ಬರೆಯುವುದು. ಕೆರೆ ತುಂಬಿದಾಗ ಜಿನುಗು ಹೆಚ್ಚುವುದು ಸಹಜ. ನೀರು ಅದೇ ಮಟ್ಟದಲ್ಲಿದ್ದೂ ಹೋದ ವರ್ಷ ಇಪ್ಪತ್ತು ನಿಮಿಷಕ್ಕೆ ತುಂಬಿದ ಕೊಡ ಈ ವರ್ಷ ಎಂಟು ನಿಮಿಷಕ್ಕೆ ತುಂಬಿದರೆ, ಅದು ಇಂಜಿನಿಯರರನ್ನು ಅಂದೇ ಕರೆಯಬೇಕಾದ ಸಂಗತಿ. ಆ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಒಂದು ಗಂಟೆ ಅಲುಗಿಸದೆ ಇಡಿ. ತಳದಲ್ಲಿ ಮಣ್ಣು ಕೂತಿದೆಯೆ ನೋಡಿ. ಎರಡು ವರ್ಷದ ಇಂಥ ಪುಸ್ತಕವೊಂದಿದ್ದರೆ ಅಣ್ಣತಮ್ಮಂದಿರ ಮುಂದೆ ವಾದವೇ ಬೇಕಾಗುವುದಿಲ್ಲ, ಲೋಟವನ್ನೇ ತಂದಿಟ್ಟರಾಯಿತು.

ಜಿನುಗು ಕಂಡೊಡನೆ ಹೊರಗಡೆಯಿಂದ ಜೇಡಿಮಣ್ಣನ್ನೋ ಸಿಮೆಂಟನ್ನೋ ಮೆತ್ತಿ ಮುಚ್ಚುವುದು ನಮ್ಮ ಜನರ ಮೊದಲ ಉಪಾಯ. ಇದಕ್ಕಿಂತ ಕೆಟ್ಟ ಚಿಕಿತ್ಸೆಯಿಲ್ಲ. ಬಂದ ನೀರಿಗೆ ಹೊರದಾರಿ ಕಟ್ಟಿದರೆ ಅದು ಏರಿಯೊಳಗೇ ನಿಂತು, ಮಣ್ಣನ್ನು ನೆನೆಸಿ, ಇನ್ನೂ ಮೇಲ್ಗಡೆ ಬೇರೆ ದಾರಿ ಹುಡುಕುತ್ತದೆ. ಕೆಲವು ವೇಳೆ ನೆನೆದ ಮಗ್ಗುಲೇ ಜಾರಿಬೀಳುತ್ತದೆ. ನೀರು ಬರಲಿ, ಮಣ್ಣು ಬಾರದಿರಲಿ ಎಂಬುದೇ ಇಲ್ಲಿಯ ಸೂತ್ರ. ತೇವದ ಜಾಗದ ಮೇಲೆ ಮೊದಲು ಒಳ್ಳೆಯ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ, ಎಲ್ಲಕ್ಕೂ ಮೇಲೆ ಭಾರವಾದ ಕಲ್ಲು ಹೀಗೆ ಹಾಸಿದರೆ, ಅಡಿಗೆಮನೆಯ ಸೋಸುಬಟ್ಟೆಯಂತೆ ನೀರು ಹೊರಬಿದ್ದು ಮಣ್ಣು ಒಳಗೇ ಉಳಿಯುತ್ತದೆ. ಮುಚ್ಚುವುದಿದ್ದರೆ ಒಳಮಗ್ಗುಲಲ್ಲಿ, ಕೆರೆ ಒಣಗಿದಾಗ, ತಿಳಿದವರ ಕಣ್ಣೆದುರಿನಲ್ಲಿ ಮುಚ್ಚತಕ್ಕದ್ದು.

ಜಿನುಗು ಬಹಳ ಮಟ್ಟಿಗೆ ಹುಟ್ಟುವುದು ತೂಬಿನ ಪಕ್ಕದಲ್ಲಿ. ಮಣ್ಣಿನ ನಡುವೆ ಕಲ್ಲಿನ ಕಾಲುವೆಯೋ ಸಿಮೆಂಟಿನ ಕೊಳವೆಯೋ ಹಾದುಹೋದರೆ, ಎರಡರ ನಡುವಣ ಸಂದಿನಲ್ಲಿ ನೀರು ಸುಲಭವಾಗಿ ಜಾಡು ಹಿಡಿಯುತ್ತದೆ. ತೂಬಿನ ನೇರಕ್ಕೆ ಏರಿಯ ಮೇಲೆ ಸಣ್ಣ ಗುಳಿ ಬಿದ್ದಿದ್ದರೆ ಅದನ್ನು ಮಣ್ಣು ಹಾಕಿ ಮುಚ್ಚಿ ಮರೆತುಬಿಡಬಾರದು. ಅಡಿಯಲ್ಲಿ ಏನೋ ಕರಗಿಹೋಗುತ್ತಿದೆ. ಗದ್ದೆಗೆ ನೀರು ಸಾಲದೆಂದು ಏರಿಯನ್ನು ಅಗೆದು ತಮಗೆ ತಾವೇ ಪ್ಲಾಸ್ಟಿಕ್ ಕೊಳವೆ ಹೂಳುವವರನ್ನು ಊರು ಕ್ಷಮಿಸಬಾರದು. 2019ರ ನವೆಂಬರ್ 24ರಂದು ಬೆಂಗಳೂರಿನ ಹುಳಿಮಾವು ಕೆರೆಯ ಏರಿ ಮಳೆಗಾಲದ ಪ್ರವಾಹದಿಂದ ಒಡೆಯಲಿಲ್ಲ. ಯಂತ್ರದಿಂದ ಏರಿಯನ್ನು ಅಗೆದುದರಿಂದ ಒಡೆಯಿತು. ನೂರಾರು ಮನೆಗಳಿಗೆ ನೀರು ನುಗ್ಗಿತು. ಹೂಳೆತ್ತುವ ಜೆಸಿಬಿಗಳೂ ಇದೇ ಅಪಾಯವನ್ನು ಇನ್ನೊಂದು ರೀತಿಯಲ್ಲಿ ಮಾಡುತ್ತವೆ. ದೂರ ಹೋಗಲು ಸೋಮಾರಿತನಪಟ್ಟು ಏರಿಯ ಬುಡದಲ್ಲಿಯೇ ಗುಂಡಿ ತೋಡುತ್ತವೆ. ಶತಮಾನಗಳಿಂದ ಕೂತು ನೀರನ್ನು ಕೆಳಗಿಳಿಯಗೊಡದಿದ್ದ ಜೇಡಿಯ ಹೊದಿಕೆ ಅಲ್ಲಿಯೇ ಹರಿದುಹೋಗುತ್ತದೆ. ಏರಿಯ ಎತ್ತರದ ಹಲವು ಪಟ್ಟು ದೂರವನ್ನು ಒಳಗಡೆಯೂ ಹೊರಗಡೆಯೂ ಬಿಟ್ಟು ಗುದ್ದಲಿ ಹಾಕಬೇಕೆಂದು ಮೊದಲೇ ಗೂಟ ನೆಟ್ಟು ತೋರಿಸಿಬಿಡುವುದು ಮೇಲು.

ಮರಗಳ ವಿಷಯದಲ್ಲಿ ನಮ್ಮ ಮಾತು ಕೆಲವರಿಗೆ ಕಹಿಯಾದೀತು. ಬೇರು ಮಣ್ಣನ್ನು ಹಿಡಿದಿಡುತ್ತದೆ, ಏರಿಯ ಮೇಲೆ ಮರ ನೆಟ್ಟರೆ ಪುಣ್ಯವೂ ನೆರಳೂ ಎರಡೂ ಸಿಕ್ಕುತ್ತವೆ ಎಂದು ವನಮಹೋತ್ಸವದ ದಿನ ಶಾಲೆಯ ಮಕ್ಕಳನ್ನು ಕರೆತಂದು ಸಸಿ ನೆಡಿಸುತ್ತಾರೆ. ಬದುಕಿರುವವರೆಗೆ ಬೇರು ಮಣ್ಣನ್ನು ಹಿಡಿಯುತ್ತದೆ, ನಿಜ. ಮರ ಸತ್ತ ಮೇಲೆ ಬೇರು ಕೊಳೆತು, ಏರಿಯ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಸಿದ್ಧವಾದ ನಳಿಗೆಯಾಗಿ ನಿಲ್ಲುತ್ತದೆ. ಬಿರುಗಾಳಿಗೆ ಮರ ಬುಡಮೇಲಾದರಂತೂ ಬಂಡಿಗಟ್ಟಲೆ ಮಣ್ಣು ಬೇರಿನ ಜೊತೆಗೇ ಕಿತ್ತುಬರುತ್ತದೆ. ಜಾಲಿ, ಲಂಟಾನ ಮೊದಲಾದ ಪೊದೆಗಳು ಬೆಳೆದ ಏರಿಯಲ್ಲಿ ಬಿರುಕಾಗಲಿ ಬಿಲವಾಗಲಿ ಕಣ್ಣಿಗೆ ಬೀಳುವುದೂ ಇಲ್ಲ. ಏರಿಗೆ ತಕ್ಕ ಹೊದಿಕೆಯೆಂದರೆ ಗರಿಕೆ ಹುಲ್ಲು. ಸಸಿಗಳನ್ನು ಬೆರಳಿನಷ್ಟು ದಪ್ಪವಿರುವಾಗಲೇ ಕಿತ್ತುಬಿಡಿ. ಆದರೆ ಐವತ್ತು ವರ್ಷದ ಹೊಂಗೆಯನ್ನೋ ಬೇವನ್ನೋ ಈ ಪುಟವನ್ನೋದಿದ ಉತ್ಸಾಹದಲ್ಲಿ ಕಡಿಯಲು ಹೋಗಬೇಡಿ. ದೊಡ್ಡ ಮರವನ್ನು ಕಡಿದು ಬೇರನ್ನು ಒಳಗೇ ಬಿಡುವುದು ಮರವಿರುವುದಕ್ಕಿಂತಲೂ ಕೆಟ್ಟದ್ದು. ಬೇರನ್ನು ತೆಗೆದು, ಆ ಹಳ್ಳವನ್ನು ಪದರ ಪದರವಾಗಿ ಬಡಿದು ತುಂಬಬೇಕಾದುದು ಇಂಜಿನಿಯರರ ಸಮ್ಮುಖದ ಕೆಲಸ. ನೆಡುವ ಪುಣ್ಯಕ್ಕೆ ಹಿನ್ನೀರಿನ ಅಂಚೂ ರಾಜಕಾಲುವೆಯ ದಡವೂ ಬೇಕಾದಷ್ಟಿದೆ.

ಇಲಿ, ಹೆಗ್ಗಣ, ಮುಳ್ಳುಹಂದಿ, ಏಡಿ, ಗೆದ್ದಲು ಇವೆಲ್ಲ ಏರಿಯ ಒಕ್ಕಲುಗಳು. 2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಎಂಬಲ್ಲಿ ಸಣ್ಣ ಮಣ್ಣಿನ ಅಣೆಕಟ್ಟೊಂದು ಒಡೆದು ಕೆಳಗಿನ ವಸತಿ ಕೊಚ್ಚಿಹೋಯಿತು. ಏಡಿಗಳೇ ಇದಕ್ಕೆ ಕಾರಣವೆಂದು ಅಲ್ಲಿಯ ಮಂತ್ರಿಗಳೊಬ್ಬರು ಹೇಳಿದುದಕ್ಕೆ ದೇಶವೆಲ್ಲ ನಕ್ಕಿತು. ಏಡಿ ಬಿಲ ತೋಡುವುದೇನೋ ನಿಜ. ಆದರೆ ಜಿನುಗುತ್ತಿದೆಯೆಂದು ಊರವರು ಮೊದಲೇ ದೂರಿದ್ದರೆಂದು ಪತ್ರಿಕೆಗಳು ಬರೆದವು. ಬಿಲ ಕಂಡರೆ ಬಾಯಿಗೆ ಕಲ್ಲು ತುರುಕಿ ಬರುವುದರಿಂದ ಪ್ರಯೋಜನವಿಲ್ಲ. ಕೆರೆಯಲ್ಲಿ ನೀರು ಕಡಿಮೆಯಿರುವಾಗ ಬಿಲದ ಕೊನೆಯವರೆಗೆ ಅಗೆದು, ಏರಿಯ ಮಣ್ಣಿಗೆ ಹೊಂದುವ ಮಣ್ಣನ್ನೇ ಗೇಣಿಗಿಂತ ಕಡಿಮೆ ದಪ್ಪದ ಪದರಗಳಲ್ಲಿ ಹಾಕಿ ದಿಮ್ಮಸಿನಿಂದ ಬಡಿಯಬೇಕು. ಮಣ್ಣಿನ ಹದ ತಿಳಿಯಲು ಒಂದು ಹಿಡಿ ತೆಗೆದು ಅಮುಕಿ ನೋಡಿ: ಉಂಡೆಯಾಗಿ ನಿಲ್ಲಬೇಕು, ಕೈಗೆ ಅಂಟಬಾರದು, ಪುಡಿಯಾಗಿ ಉದುರಲೂ ಬಾರದು. ಉಂಡೆ ಕಟ್ಟಿ ಪಳಗಿದ ಹೆಂಗಸರಿಗೆ ಇದನ್ನು ಹೇಳಿಕೊಡಬೇಕಾದುದೇ ಇಲ್ಲ.

ಏರಿಯ ತಲೆಯ ಮೇಲೆ ಗಾಡಿ ಟ್ರ್ಯಾಕ್ಟರುಗಳು ಓಡಾಡಿ ಎಲ್ಲಿಯಾದರೂ ಒಂದೆಡೆ ತಗ್ಗಾಗಿರುತ್ತದೆ. ಮೈಲುದ್ದದ ಏರಿ ಎಷ್ಟು ಎತ್ತರವೆಂದರೆ, ಆ ತಗ್ಗು ಎಷ್ಟು ಎತ್ತರವೋ ಅಷ್ಟೇ. ನೀರು ಹತ್ತುವುದು ಅಲ್ಲಿಯೇ. ಇದನ್ನು ಕಣ್ಣಂದಾಜಿನಿಂದ ಹೇಳಲಾಗದು. ಗಾರೆಯವರು ಮಟ್ಟ ನೋಡಲು ಉಪಯೋಗಿಸುವ ನೀರು ತುಂಬಿದ ಪಾರದರ್ಶಕ ನಳಿಗೆಯನ್ನು ಹಿಡಿದು ಇಬ್ಬರು ಏರಿಯುದ್ದಕ್ಕೂ ನಡೆದರೆ ಅರ್ಧ ದಿನದಲ್ಲಿ ತಗ್ಗುಗಳೆಲ್ಲ ಸಿಕ್ಕಿಬೀಳುತ್ತವೆ. ಏರಿಯ ಉದ್ದಕ್ಕೆ ಬಿದ್ದ ಬಿರುಕು ಮಗ್ಗುಲು ಜಾರುವ ಸೂಚನೆಯಿರಬಹುದು. ಅಡ್ಡಕ್ಕೆ ಬಿದ್ದ ಬಿರುಕು ನೀರಿಗೆ ನೇರವಾದ ದಾರಿ. ಬರದಲ್ಲಿ ಒಣಗಿ ಬಿರಿದ ಏರಿಗೆ ಒಂದೇ ರಾತ್ರಿಯಲ್ಲಿ ಕೆರೆ ತುಂಬಿ ಬಂದಾಗ ಎಷ್ಟೋ ಕಡೆ ಒಡಕುಂಟಾಗುವುದು ಇದರಿಂದಲೇ. ನಮ್ಮ ಪತ್ರಲೇಖಕರ ಊರೂ ಈಗ ಬರದಿಂದ ಹೊರಬರುತ್ತಿರುವ ಊರು.

ಇಷ್ಟೆಲ್ಲವನ್ನೂ ನೋಡುತ್ತಿದ್ದವನು ಹಿಂದೆ ನೀರುಗಂಟಿ. ಮಳೆಯ ರಾತ್ರಿ ಕಂಬಳಿ ಹೊದ್ದು, ದೀಪ ಹಿಡಿದು, ಏರಿಯನ್ನು ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದವನು ಅವನು. ಊರವರು ಅವನ ಜಾತಿಯನ್ನು ನೋಡಿ ಅಂಗಳದಲ್ಲಿ ನಿಲ್ಲಿಸಿದರೂ, ತಮ್ಮ ಮನೆ ಗದ್ದೆಗಳನ್ನೆಲ್ಲ ಅವನ ನಿದ್ದೆಗೇಡಿನ ಮೇಲೆಯೇ ಬಿಟ್ಟಿದ್ದರು. 1961ರ ಗ್ರಾಮ ಹುದ್ದೆಗಳ ರದ್ಧತಿಯ ಕಾಯಿದೆಯಿಂದ ವಂಶಪಾರಂಪರ್ಯದ ಬಿಟ್ಟಿ ಚಾಕರಿ ಹೋದದ್ದು ನ್ಯಾಯವೇ. ಕೆಲಸವನ್ನು ಸಂಬಳ ಕೊಟ್ಟು ಯಾರಿಗಾದರೂ ವಹಿಸದೆ ಬಿಟ್ಟದ್ದು ನ್ಯಾಯವಲ್ಲ. ಈಗ ನೂರು ಎಕರೆಗಿಂತ, ಎಂದರೆ 40 ಹೆಕ್ಟೇರಿಗಿಂತ, ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯಿತಿಗಳಿಗೂ, ಅದಕ್ಕೆ ಮೇಲ್ಪಟ್ಟವು ಸಣ್ಣ ನೀರಾವರಿ ಇಲಾಖೆಗೂ ಸೇರಿವೆ. 2021ರ ಅಣೆಕಟ್ಟು ಸುರಕ್ಷತಾ ಕಾಯಿದೆಯು 15 ಮೀಟರಿಗಿಂತ ಎತ್ತರವಾದ ಕಟ್ಟೆಗಳಿಗೂ, 10ರಿಂದ 15 ಮೀಟರಿನವುಗಳಲ್ಲಿ ಉದ್ದ, ಸಂಗ್ರಹ ಮೊದಲಾದ ಕೆಲವು ಲಕ್ಷಣಗಳುಳ್ಳವುಗಳಿಗೂ ಅನ್ವಯಿಸುತ್ತದೆ. ನಮ್ಮ ಹಳ್ಳಿಯ ಏರಿಗಳಲ್ಲಿ ಹೆಚ್ಚಿನವು ಅಷ್ಟು ಎತ್ತರವಿಲ್ಲದುದರಿಂದ, ದೊಡ್ಡ ಅಣೆಕಟ್ಟುಗಳಿಗೆ ಮಳೆಗಾಲಕ್ಕೆ ಮೊದಲೂ ಅನಂತರವೂ ಆಗುವ ಕಡ್ಡಾಯದ ತಪಾಸಣೆ ಇವಕ್ಕಿಲ್ಲ. ಆದುದರಿಂದ ಕಾಗದ ಬರೆದವರಿಗೆ ನಮ್ಮ ಸಲಹೆಯೆಂದರೆ: ಬಾಯಿಮಾತಿನ ಜಗಳವನ್ನು ನಿಲ್ಲಿಸಿ, ಜಿನುಗಿನ ಲೆಕ್ಕದ ಪುಸ್ತಕದ ಪ್ರತಿಯೊಡನೆ ಗ್ರಾಮ ಪಂಚಾಯಿತಿಗೂ ಇಲಾಖೆಯ ಇಂಜಿನಿಯರರಿಗೂ ಬರಹದಲ್ಲಿ ಅರ್ಜಿ ಕೊಟ್ಟು, ಹಿಂಬರಹ ಪಡೆಯಲಿ. ಕೋಡಿಯ ಗೋಡೆಗೆ ಇಂಜಿನಿಯರರ ಒಪ್ಪಿಗೆಯಿಲ್ಲದೆ ಒಂದು ಕಲ್ಲನ್ನೂ ಇಡಬಾರದೆಂದು ಗ್ರಾಮಸಭೆಯಲ್ಲಿ ಬರೆಯಿಸಲಿ. ಮುಂದಿನ ಕೆರೆಯ ಊರವರನ್ನೂ ಸಭೆಗೆ ಕರೆಯುವುದು ಲೇಸು. ಸರಪಣಿಯಲ್ಲಿ ಮೇಲಿನದು ಒಡೆದರೆ ಕೆಳಗಿನದೂ ಉಳಿಯುವುದು ಕಷ್ಟ. 2022ರ ಆಗಸ್ಟಿನ ಕೊನೆಯಲ್ಲಿ ರಾಮನಗರದ ಸುತ್ತ ಕೆರೆಗಳು ತುಂಬಿ ಒಡೆದು ಬೆಂಗಳೂರು ಮೈಸೂರು ಹೆದ್ದಾರಿ ಜಲಾವೃತವಾದುದನ್ನು ಆ ಸೀಮೆಯವರು ಮರೆತಿರಲಾರರು.

ಮಳೆಯ ರಾತ್ರಿಯ ಮಾತನ್ನೂ ಹೇಳಿಬಿಡಬೇಕು. ಏರಿಯ ಬಳಿ ನೂರಿನ್ನೂರು ಖಾಲಿ ಗೋಣಿಚೀಲಗಳನ್ನೂ ಒಂದು ಗುಡ್ಡೆ ಮರಳನ್ನೂ ಜ್ಯೇಷ್ಠ ಮಾಸಕ್ಕೆ ಮುಂಚೆಯೇ ಕೂಡಿಡತಕ್ಕದ್ದು. ಹೊರಬುಡದಲ್ಲಿ ಮಣ್ಣು ಕಾರುವ ಬುಗ್ಗೆಯೆದ್ದರೆ ಅದರ ಬಾಯಿಯನ್ನು ಮುಚ್ಚದೆ, ಸುತ್ತಲೂ ಮರಳಿನ ಚೀಲಗಳನ್ನು ಬಾವಿಯ ಕಟ್ಟೆಯಂತೆ ಜೋಡಿಸಿ, ಒಳಗೆ ನೀರು ಏರಿ ತಿಳಿಯಾಗುವವರೆಗೆ ಎತ್ತರಿಸುತ್ತ ಹೋಗಬೇಕು. ಕೋಡಿಯ ಕಸವನ್ನು ಮೇಲುಗಡೆಯ ದಡದಲ್ಲಿ ನಿಂತು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಉದ್ದನೆಯ ಕೊಕ್ಕೆಯಿಂದ ಎಳೆಯಬೇಕು, ನೀರಿಗಿಳಿಯಕೂಡದು. ತೂಬನ್ನು ತೆರೆದು ನೀರಿಳಿಸುವಾಗಲೂ ತಾಳ್ಮೆ ಬೇಕು. ಅನ್ಯಥಾ ಗತಿಯಿಲ್ಲದ ಹೊರತು ದಿನಕ್ಕೆ ಒಂದಡಿಗಿಂತ ಹೆಚ್ಚು ಇಳಿಸಬಾರದೆಂಬುದು ಸಾಮಾನ್ಯವಾದ ನಿಯಮ. ಒಮ್ಮೆಲೇ ನೀರು ಹೋದರೆ ಒಳಮಗ್ಗುಲಿನ ನೆನೆದ ಮಣ್ಣಿಗೆ ಆಸರೆ ತಪ್ಪಿ ಜಾರುತ್ತದೆ. ಬುಗ್ಗೆ ದೊಡ್ಡದಾಗುತ್ತಿದ್ದರೆ, ಅಥವಾ ನೀರು ತಲೆಯಿಂದ ಗೇಣುದ್ದ ಕೆಳಗಿದ್ದು ಮಳೆ ನಿಲ್ಲದಿದ್ದರೆ, ಏರಿಯನ್ನು ಉಳಿಸುವ ಯೋಚನೆಯನ್ನು ಬಿಟ್ಟು ಕೆಳಗಿನ ಮನೆಗಳವರನ್ನು ಎಬ್ಬಿಸುವುದೇ ಕೆಲಸ. ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕರಿದ್ದಾರೆ, ಯಾವ ಮನೆಯಲ್ಲಿ ಬಾಣಂತಿಯಿದ್ದಾಳೆ ಎಂಬ ಪಟ್ಟಿ ಮೊದಲೇ ಸಿದ್ಧವಿರಲಿ. ಹೋಗಬೇಕಾದುದು ಹಳ್ಳದ ಹಾದಿಯಲ್ಲಲ್ಲ, ಅಡ್ಡಲಾಗಿ ದಿಬ್ಬದ ಕಡೆಗೆ. ದೂರವಾಣಿಯಲ್ಲಿ 112ಕ್ಕಾಗಲಿ ಜಿಲ್ಲೆಯ 1077ಕ್ಕಾಗಲಿ ತಿಳಿಸಬಹುದು. ಕೆಳಗಿನ ಊರಿಗೆ ಮಾತ್ರ ನೀವೇ ನೇರವಾಗಿ ತಿಳಿಸಿ.

ಈ ವಿಷಯಕ್ಕೇ ಸೇರಿದ ಇನ್ನೊಂದು ಪ್ರಶ್ನೆ ಕೋಲಾರದ ಕಡೆಯ ಗೃಹಿಣಿಯೊಬ್ಬರಿಂದ ಬಂದಿದೆ: ಏರಿಯ ಮೇಲೆ ದನಕರು ಮೇಯಿಸಬಹುದೆ? ಒಣಗಿದ ಕಾಲದಲ್ಲಿ ಕುರಿಗಳು ಹುಲ್ಲನ್ನು ಮೇಯ್ದುಕೊಂಡು ಹೋದರೆ ಬಾಧಕವಿಲ್ಲ; ಹುಲ್ಲು ಗಿಡ್ಡವಾಗಿದ್ದರೆ ಬಿಲ, ಬಿರುಕು ಕಾಣಲೂ ಅನುಕೂಲ. ಮಳೆಯಲ್ಲಿ ನೆನೆದ ಮಗ್ಗುಲಿಗೆ ದೊಡ್ಡ ದನಗಳನ್ನು ಹತ್ತಿಸಬಾರದು. ಎಮ್ಮೆಗಳು ದಿನವೂ ಒಂದೇ ಜಾಗದಲ್ಲಿ ನೀರಿಗಿಳಿದು ಏರಿಯಲ್ಲಿ ಕೊರಕಲು ಮಾಡುತ್ತವೆ. ಒಳಮೈಯ ಕಲ್ಲುಗಳೂ ಆ ಕಾಲ್ತುಳಿತಕ್ಕೆ ಸಡಲಿ ಉರುಳಿಬೀಳುತ್ತವೆ. ಅವಕ್ಕೆಂದು ಏರಿಯ ಕೊನೆ ಮುಗಿದ ಆಚೆಯ ಗಟ್ಟಿನೆಲದಲ್ಲಿ, ಕೋಡಿಗೆ ಎದುರು ತುದಿಯಲ್ಲಿ, ಚಪ್ಪಡಿ ಹಾಸಿದ ಒಂದು ಇಳಿದಾರಿಯನ್ನು ಮಾಡಿಕೊಟ್ಟರೆ ಸಾಕು. ಬಟ್ಟೆ ಒಗೆಯುವ ಕಲ್ಲುಗಳನ್ನೂ ಅಲ್ಲಿಗೇ ಸಾಗಿಸಿಕೊಳ್ಳಬಹುದು.